ಮೇಣದ ಮೇಲೆ ನಿಂತ ಸ್ವರಗಳು

ರಣಹದ್ದಿನ ಎಲುಬು, ಜೇನುಮೇಣ, ಸುಟ್ಟ ಬಟ್ಟೆಯ ಮಸಿ. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ಬರೆದ ‘ಸಂಗೀತರತ್ನಾಕರ’ದಲ್ಲಿ ಕಿನ್ನರಿ ವೀಣೆಗೆ ಮೆಟ್ಟಿಲು ಕೂರಿಸಲು ಬೇಕೆಂದು ಹೇಳುವ ಸಾಮಗ್ರಿ ಇದು. ಎಲುಬಿನ ಜಾಗಕ್ಕೆ ಲೋಹ ಬಂದು ಎಷ್ಟೋ ಕಾಲವಾಯಿತು. ಮೇಣ ಮತ್ತು ಮಸಿ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಮೈಸೂರಿನಲ್ಲಿ ಇವತ್ತು ಸರಸ್ವತಿ ವೀಣೆಗೆ ಮೇಳ ಕಟ್ಟಲು, ಎಂದರೆ ಮೆಟ್ಟಿಲು ಕೂರಿಸಲು, ಕೂತವರು ಒಲೆಯ ಮೇಲೆ ಕರಗಿಸುವುದೂ ಅದನ್ನೇ.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಈ ಕೆಲಸ ‘ಸೆಟಪ್’ ಎಂಬ ಹೆಸರಿನಲ್ಲಿ ಪರಿಚಿತ. ಕತ್ತು ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ನೇರ ಮಾಡುತ್ತಾರೆ. ಸವೆದು ಹಳ್ಳ ಬಿದ್ದ ಫ್ರೆಟ್‌ಗಳನ್ನು, ಎಂದರೆ ಮೆಟ್ಟಿಲುಗಳನ್ನು, ಅರದಿಂದ ಸಮ ಮಾಡಿ, ತಲೆ ದುಂಡಗೆ ಮಾಡಿ, ಹೊಳಪು ಕೊಡುತ್ತಾರೆ. ತಂತಿಯ ಎತ್ತರ ಇಳಿಸುತ್ತಾರೆ. ಅಷ್ಟಾದರೆ ಅದೇ ಗಿಟಾರ್ ಬೆರಳಿಗೆ ಹಗುರಾಗುತ್ತದೆ. ಆದರೆ ಗಿಟಾರಿನ ಫ್ರೆಟ್ ಎಲ್ಲಿರಬೇಕೆಂಬುದು ಕಾರ್ಖಾನೆಯಲ್ಲೇ ಗರಗಸದ ಸೀಳಿನಲ್ಲಿ ತೀರ್ಮಾನವಾಗಿರುತ್ತದೆ. ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸುತ್ತ ಹೋದರೆ ಒಂದೊಂದು ಫ್ರೆಟ್ಟಿನ ಜಾಗ ಸಿಗುತ್ತದೆ. ಖಗೋಳಜ್ಞ ಗೆಲಿಲಿಯೋನ ತಂದೆ ವಿನ್ಚೆಂಜೊ ಗೆಲಿಲಿ 1581ರಲ್ಲಿ ಲೂಟ್ ವಾದ್ಯಕ್ಕೆ ಇದಕ್ಕೆ ಹತ್ತಿರದ 18:17ರ ಅಳತೆಯನ್ನು ಹೇಳಿದ್ದ.

ಅದಕ್ಕೂ 31 ವರ್ಷ ಹಿಂದೆ ನಮ್ಮ ವಿಜಯನಗರದಲ್ಲಿ ಮೆಟ್ಟಿಲು ಎಲ್ಲಿರಬೇಕೆಂಬ ಇದೇ ಪ್ರಶ್ನೆ ಚರ್ಚೆಗೆ ಬಂದಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ಅದರ ವೀಣಾಪ್ರಕರಣ ಮೆಟ್ಟಿಲು ಕೂರಿಸುವವನ ಪಕ್ಕದಲ್ಲೇ ಕೂತು ಬರೆದಂತಿದೆ. ನಾಲ್ಕು ತಂತಿಗಳನ್ನು ಷಡ್ಜ, ಪಂಚಮ, ಷಡ್ಜ, ಮಧ್ಯಮಕ್ಕೆ ಶ್ರುತಿ ಮಾಡಿ, ಅವುಗಳ ಕೆಳಗೆ ಒಂದೊಂದೇ ಮೆಟ್ಟಿಲಿಟ್ಟು, ಯಾವ ತಂತಿಯಲ್ಲಿ ಯಾವ ಸ್ವರ ಬರುತ್ತದೆಂದು ಆತ ಸಾಲಾಗಿ ಹೇಳುತ್ತಾನೆ. ಕಷ್ಟ ಇರುವುದೂ ಅಲ್ಲಿಯೇ. ಮೆಟ್ಟಿಲು ಒಂದೇ, ಅದರ ಮೇಲೆ ಹಾಯುವ ತಂತಿಗಳು ನಾಲ್ಕು. ಒಂದು ತಂತಿಗೆ ಒಪ್ಪಿದ ಜಾಗ ಇನ್ನೊಂದಕ್ಕೆ ಕೂದಲೆಳೆಯಷ್ಟು ತಪ್ಪುತ್ತದೆ. ರಾಮಾಮಾತ್ಯ ಹೇಳುವ ವೀಣೆಗಳಲ್ಲಿ ಒಂದಕ್ಕೆ ‘ಅಚ್ಯುತರಾಜೇಂದ್ರ ಮೇಳವೀಣೆ’ ಎಂದು ಅಚ್ಯುತದೇವರಾಯನ ಹೆಸರೇ ಇದೆ. ಮೆಟ್ಟಿಲುಗಳ ಜೋಡಣೆಯೊಂದು ಅರಸನ ಹೆಸರು ಹೊರುವಷ್ಟು ದೊಡ್ಡ ವಿಷಯವಾಗಿತ್ತು ಆಗ.

ರಾಗ ಬದಲಾದಾಗ ಮೆಟ್ಟಿಲನ್ನೂ ಸರಿಸಬೇಕೇ, ಎಲ್ಲ ರಾಗಕ್ಕೂ ಒಂದೇ ಜೋಡಣೆ ಸಾಕೇ ಎಂಬ ವಿಚಾರವೂ ಆ ಗ್ರಂಥದಲ್ಲಿ ಬರುತ್ತದೆ. ಇದಕ್ಕೆ ನಿಲ್ಲುವಂಥ ಉತ್ತರ ಸಿಕ್ಕಿದ್ದು ತಂಜಾವೂರಿನಲ್ಲಿ. ರಘುನಾಥ ನಾಯಕನ (ಆಳ್ವಿಕೆ 1600–1634) ಕಾಲದಲ್ಲಿ, ಕನ್ನಡಿಗ ಮಂತ್ರಿ ಗೋವಿಂದ ದೀಕ್ಷಿತರ ಸಮ್ಮುಖದಲ್ಲಿ, ಎರಡು ಸ್ಥಾಯಿಗೆ 24 ಸ್ಥಿರ ಮೆಟ್ಟಿಲುಗಳ ವೀಣೆ ರೂಪುಗೊಂಡಿತು ಎಂಬುದು ಸಂಪ್ರದಾಯ. ಇಂದಿನ ವೀಣೆಯಲ್ಲಿರುವುದೂ ಆ ಇಪ್ಪತ್ತನಾಲ್ಕೇ.

ಸ್ಥಿರ ಎಂದರೂ ಅವು ಮೊಳೆ ಹೊಡೆದು ನಿಂತವಲ್ಲ. ದಂಡಿಯ ಎರಡೂ ಅಂಚಿನಲ್ಲಿ ಉದ್ದಕ್ಕೆ ಮೇಣದ ಕಟ್ಟೆ ಹಾಕುತ್ತಾರೆ. ಮೇಣಕ್ಕೆ ಮಸಿ ಬೆರೆಸಿ ನಾದಿ ಗಟ್ಟಿ ಮಾಡುತ್ತಾರೆ, ಕೆಲವರು ರಾಳವನ್ನೂ ಸೇರಿಸುತ್ತಾರೆ. ಕಟ್ಟೆ ಬೆಚ್ಚಗಿರುವಾಗಲೇ ಹಿತ್ತಾಳೆಯ ಇಲ್ಲವೇ ಕಂಚಿನ ಮೆಟ್ಟಿಲನ್ನು ಅಡ್ಡಲಾಗಿಟ್ಟು ಒತ್ತಬೇಕು. ಆಮೇಲೆ ಕಿವಿಯ ಕೆಲಸ. ಸಾರಣಿ ಎಂಬ ಮೊದಲ ತಂತಿ ಮೀಟುವುದು, ಒತ್ತುವುದು, ಕೇಳುವುದು, ಮೆಟ್ಟಿಲನ್ನು ಒಂದಿಷ್ಟೇ ಸರಿಸುವುದು. ಲೆಕ್ಕದ ಪ್ರಕಾರ 12ನೇ ಮೆಟ್ಟಿಲು ತಂತಿಯ ನಟ್ಟನಡುವೆ ಬರಬೇಕು. ಆದರೆ ಬೆರಳು ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುತ್ತದೆ, ಆದ್ದರಿಂದ ಮೆಟ್ಟಿಲು ಕುದುರೆಯಿಂದ ಒಂದೆಳೆ ಆಚೆಗೆ ಹೋಗಬೇಕು. ಗಿಟಾರಿನಲ್ಲಿ ಇದೇ ದೋಷವನ್ನು ತಿದ್ದಲು ಕುದುರೆಯ ಮೇಲಿನ ಸ್ಯಾಡಲ್‌ಗಳನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸುತ್ತಾರೆ. ಅಲ್ಲಿ ತಂತಿಗೊಂದು ತಿದ್ದುಪಡಿ, ಇಲ್ಲಿ ಮೆಟ್ಟಿಲಿಗೊಂದು. ಸ್ವರದ ಜೊತೆಗೆ ಎತ್ತರವನ್ನೂ ನೋಡಬೇಕು. ಒಂದು ಮೆಟ್ಟಿಲು ಪಕ್ಕದ್ದಕ್ಕಿಂತ ಉಗುರಿನಷ್ಟು ಮೇಲಿದ್ದರೂ ಅದರ ಹಿಂದಿನ ಸ್ವರ ಜರ್ರೆನ್ನುತ್ತದೆ.

ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ಮೈಸೂರು ಬಾನಿಯಲ್ಲಿ ಮೀಟು ಸ್ಪಷ್ಟ, ನಾದ ಮೃದು. ಮೆಟ್ಟಿಲಿನ ಮೇಲೆ ಬೆರಳು ತಡೆಯಿಲ್ಲದೆ ಜಾರಬೇಕು, ಗಮಕಕ್ಕೆಂದು ತಂತಿಯನ್ನು ಅಡ್ಡಕ್ಕೆ ಎಳೆದಾಗ ಲೋಹ ಕೆರೆಯಬಾರದು. ಉಕ್ಕಿನ ತಂತಿ ವರ್ಷಗಟ್ಟಲೆ ಉಜ್ಜಿ ಮಾಡಿದ ಗೀರಿದ್ದರೆ ಎಂಥ ವಿದ್ವಾಂಸರ ಕೈಯೂ ಅಲ್ಲಿ ತಡವರಿಸುತ್ತದೆ. ಆ ಬಾನಿಯ ಹಿರಿಮೆಯಲ್ಲಿ ಮೇಳ ಕಟ್ಟಿದವರ ಪಾಲೂ ಇದೆ, ಆದರೆ ಸಂಗೀತದ ಇತಿಹಾಸ ಬರೆದವರು ಅವರ ಹೆಸರುಗಳನ್ನು ಉಳಿಸಿಕೊಳ್ಳಲಿಲ್ಲ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ತಂಜಾವೂರು ವೀಣೆಗೂ ಇದೆ. ವೀಣೆಯ ಹೊರಮೈ ಕಣ್ಣಿಗೆ ಬೀಳುತ್ತದೆ, ಮೇಳ ಕಟ್ಟಿದ ಕೈ ಯಾರಿಗೂ ಕಾಣುವುದಿಲ್ಲ.

ಮೇಣಕ್ಕೆ ಬಿಸಿಲು ಶತ್ರು. ಜೇನುಮೇಣ ಕರಗುವುದು 62 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ, ಆದರೆ ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಮೈಸೂರಿನ ಹವೆಯಲ್ಲಿ ಗಟ್ಟಿಯಾಗಿ ಕೂತ ಮೆಟ್ಟಿಲು, ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ನಾಗಪುರಕ್ಕೆ ಹೋಗಿ ಅಲ್ಲಿನ ಕಳಮನಾದಂಥ ಬಡಾವಣೆಯ ತಾರಸಿ ಮನೆಯಲ್ಲಿ ಮೇ ತಿಂಗಳು ಕಳೆದರೆ ಕದಲುವ ಸಂಭವ ಇದ್ದೇ ಇದೆ. ಗಿಟಾರಿನ ಮರವೂ ಅಂಥ ಒಣಹವೆಗೆ ಕುಗ್ಗುತ್ತದೆ. ಆರು ತಂತಿಗಳು ಸೇರಿ 40 ಕೆ.ಜಿ.ಯ ಆಸುಪಾಸಿನಲ್ಲಿ ಜಗ್ಗುವಾಗ ಕತ್ತು ಬಾಗದೆ ಏನು ಮಾಡೀತು? ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಕತ್ತಿನೊಳಗೆ ಬಿಗಿ-ಸಡಿಲ ಮಾಡಬಲ್ಲ ಸರಳನ್ನು ತಂದದ್ದು ಈ ಜಗ್ಗಾಟವನ್ನು ತಡೆಯಲೆಂದೇ.

ವೀಣೆಯ ಮಟ್ಟಿಗೆ ಅಂಥ ಉಪಾಯ ಹುಡುಕಿದವರು ಬೆಂಗಳೂರಿನ ರಾಡೆಲ್ ಸಂಸ್ಥೆಯ ರಾಜನಾರಾಯಣ್. ವಿದ್ಯುತ್ ತಂಬೂರಿಗೆ ಹೆಸರಾದ ಅವರು ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆ ರೂಪಿಸಿದರು. ಅದರಲ್ಲಿ ಮೇಣವಿಲ್ಲ. ವಿಮಾನದಲ್ಲಿ ಹೋದರೂ ಮೆಟ್ಟಿಲು ಅಲುಗುವುದಿಲ್ಲ. ಊರೂರು ಸುತ್ತುವ, ಹೊರದೇಶದಲ್ಲಿ ನೆಲೆಸಿ ಮೇಳ ಕಟ್ಟುವವರು ಸಿಗದೆ ಒದ್ದಾಡುವ ವೈಣಿಕರಿಗೆ ಇದು ನಿಜವಾದ ಉಪಕಾರ.

ಹಾಗಿದ್ದೂ ಹಳೆಯ ವೀಣೆ ಹಿಡಿದವರು ಮೇಣ ಬಿಟ್ಟಿಲ್ಲ. ಕೈಯ ಒತ್ತಡ ಒಬ್ಬೊಬ್ಬರದು ಒಂದೊಂದು ಥರ, ತಂತಿಯ ದಪ್ಪದಲ್ಲೂ ಅವರವರ ಆಯ್ಕೆ. ಗಾಂಧಾರ ಎಷ್ಟು ಮೇಲಿರಬೇಕೆಂಬ ವಿಷಯದಲ್ಲೂ ಕಿವಿಗಳು ಒಂದೇ ಮಾತು ಹೇಳುವುದಿಲ್ಲ. ಆದ್ದರಿಂದ ಬಲ್ಲ ಕುಶಲಕರ್ಮಿಗಳು ವೀಣೆಯ ಒಡೆಯರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಮೆಟ್ಟಿಲನ್ನೂ ಅವರಿಂದಲೇ ನುಡಿಸಿ, ಅವರು ಹೂಂ ಎಂದ ಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ.