ತಂಬೂರಿಯ ಶ್ರುತಿ, ಟೇಪಿನ ವೇಗ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ಬಂದದ್ದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಜಾನಪದ ವಿದ್ವಾಂಸರು ಇಂಥ ಕಾವ್ಯಗಳನ್ನು ಸಂಗ್ರಹಿಸಲು ಹೊರಟಾಗ ಸುರುಳಿ ಟೇಪ್‌ರೆಕಾರ್ಡರ್ ಅವರ ಲೇಖನಿಯ ಕೆಲಸ ಮಾಡಿತು. ಆ ತಲೆಮಾರಿನ ಇಬ್ಬರು ದೊಡ್ಡ ಸಂಗ್ರಾಹಕರಾದ ಜೀ.ಶಂ. ಪರಮಶಿವಯ್ಯ ಮತ್ತು ಎಚ್.ಎಲ್. ನಾಗೇಗೌಡ ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಅಚ್ಚಾದ ಪುಸ್ತಕದಲ್ಲಿ ಪದಗಳು ಉಳಿದವು. ರಾಗ, ಉಸಿರು, ಹಿಮ್ಮೇಳದವರು ಸೊಲ್ಲು ಕೊಡುವ ರೀತಿ ಮಾತ್ರ ಉಳಿಯುವುದಾದರೆ ಟೇಪಿನಲ್ಲೇ ಉಳಿಯಬೇಕು. ಟೇಪಿದ್ದರೂ ಅದನ್ನು ನುಡಿಸುವ ಯಂತ್ರ ಕೆಟ್ಟು ಕೂತಿದ್ದರೆ ಉಳಿದೂ ಇಲ್ಲದಂತೆಯೇ.

ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ 1928ರಲ್ಲಿ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಧ್ವನಿಮುದ್ರಣದ ಪಟ್ಟಿ ಮಾಡಿದ. 1935ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಕಾಣಿಸಿಕೊಂಡಿತು. ಮುಂದೆ ಕಾಗದ ಹೋಗಿ ಪ್ಲಾಸ್ಟಿಕ್ ಬಂತು. ಮೇಲಿನ ಲೇಪ ಬಹುಕಾಲ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಳಗದ್ದೇ ಆಗಿತ್ತು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗಾಗಿ ಪಾಂಚಾಳರ ಹಲಗೂರಿಗೆ ಹೋದ ಕಥೆಯೂ ಕೊನೆಗೆ ಕಬ್ಬಿಣದ ಪುಡಿಯ ಮೇಲೆಯೇ ದಾಖಲಾಗಬೇಕಾಯಿತು!

ರಾತ್ರಿಯಿಡೀ ನಡೆಯುವ ಹಾಡಿಕೆಗೆ ಈ ಯಂತ್ರ ಹೇಳಿ ಮಾಡಿಸಿದ್ದೇನೂ ಅಲ್ಲ. ಹೊತ್ತೊಯ್ಯುವ ರೆಕಾರ್ಡರಿಗೆ ಹಿಡಿಯುವುದು 5 ಅಂಗುಲದ ಸುರುಳಿ. ಅದರಲ್ಲಿ ಸಾಮಾನ್ಯ ದಪ್ಪದ ಟೇಪು 600 ಅಡಿ. ಸೆಕೆಂಡಿಗೆ ಮೂರೂ ಮುಕ್ಕಾಲು ಅಂಗುಲದಂತೆ ಓಡಿದರೆ ಒಂದು ಮಗ್ಗುಲಿಗೆ 32 ನಿಮಿಷ. ಒಂದು ಸಾಲು ಮುಗಿಯುವ ಮೊದಲೇ ಸುರುಳಿ ಮುಗಿದುಹೋಗುವುದುಂಟು.

ವಿದ್ಯುತ್ತಿನ ಮಾತು ಬೇರೆ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುತ್ತಲಿನ ಹಳ್ಳಿಗಳಿಗೆ ದೀಪ ಬರಲು ದಶಕಗಳೇ ಬೇಕಾದವು. ಕರೆಂಟಿಲ್ಲದ ಊರಿನಲ್ಲಿ ಸೆಲ್ಲುಗಳೇ ಗತಿ. ಸೆಲ್ಲು ಸೊರಗಿದರೆ ಸಾಧಾರಣ ಯಂತ್ರದ ಮೋಟಾರು ನಿಧಾನವಾಗುತ್ತದೆ. ಹಾಗೆ ಮುದ್ರಿತವಾದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಅವಸರಕ್ಕೆ ಬೀಳುತ್ತದೆ, ಮುದುಕರ ಗಂಟಲು ಹುಡುಗರ ಗಂಟಲಾಗುತ್ತದೆ. ಕರೆಂಟಿನಲ್ಲಿ ಮುದ್ರಿಸಿದ ಟೇಪಿನಲ್ಲಾದರೆ 50 ಹರ್ಟ್ಸ್‌ನ ಸಣ್ಣ ಗುಂಯ್ ನಾದ ಸೇರಿಕೊಂಡಿರುವುದುಂಟು. ಮುದ್ರಿಸುವಾಗ ದೋಷವೆನಿಸಿದ ಆ ನಾದವನ್ನು ಅಳೆದೇ ಇಂದು ನಿಜವಾದ ವೇಗ ಹಿಡಿಯಬಹುದು. ಸೆಲ್ಲಿನ ಮುದ್ರಣಕ್ಕೆ ಆ ಅನುಕೂಲವಿಲ್ಲ. ಆಗ ಅದೇ ಸಾಲನ್ನು ಹಾಡಬಲ್ಲ ನೀಲಗಾರರನ್ನು ಕೂರಿಸಿ ಕೇಳಿಸುವುದೇ ನಂಬಬಹುದಾದ ದಾರಿ. ಅಂಥವರು ಇರುವಾಗಲೇ ಯಂತ್ರ ಎದ್ದು ಕೂರಬೇಕು.

ಅಟ್ಟದಿಂದ ಇಳಿಸಿದ ರೆಕಾರ್ಡರನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ವರ್ಷಗಟ್ಟಲೆ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿ, ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು. ಅನುಭವಿ ರಿಪೇರಿಯವರು ಅವನ್ನು ಮೊದಲು ಪರೀಕ್ಷಿಸಿ, ಬೇಕಾದರೆ ಬದಲಿಸಿ, ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾರೆ. ರಬ್ಬರ್ ಬೆಲ್ಟು ಎಷ್ಟೋ ಸಲ ಡಾಂಬರಿನಂತೆ ಕರಗಿ ಪುಲ್ಲಿಗೆ ಅಂಟಿರುತ್ತದೆ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಟೇಪು ಜಾರುತ್ತದೆ, ಸ್ವರ ನಡುಗುತ್ತದೆ. ಹೆಡ್ಡಿನ ಮೇಲೆ ಕೂತ ಕಂದು ಪುಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಅದರಲ್ಲಿ ಉಳಿದ ಕಾಂತಶಕ್ತಿಯನ್ನೂ ತೆಗೆಯಬೇಕು. ಅಮೆರಿಕದಿಂದ ತಂದ ಯಂತ್ರವಾದರೆ ಇನ್ನೊಂದು ತೊಡಕು: ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು ತಗ್ಗಿಸೀತು, ಆದರೆ 60 ಹರ್ಟ್ಸ್‌ಗೆಂದು ಮಾಡಿದ ಸಿಂಕ್ರೊನಸ್ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲೇ ಓಡುತ್ತದೆ.

ಇಷ್ಟಾದ ಮೇಲೂ ಮೊದಲು ಏರಿಸಬೇಕಾದ್ದು ಬೇಡದ ಟೇಪನ್ನು. ಹಳೆಯ ಅಸಿಟೇಟ್ ಟೇಪು ವಿನಿಗರ್‌ನಂತೆ ಹುಳಿ ವಾಸನೆ ಹೊಡೆದರೆ ಅದು ಕೊಳೆಯುತ್ತಿದೆ ಎಂದರ್ಥ. ತಡಮಾಡದೆ ಪ್ರತಿ ತೆಗೆಯಬೇಕು. 1970ರ ದಶಕದ ನಂತರದ ಕೆಲವು ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅಂಥವನ್ನು ತಜ್ಞರು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಬೇಗನೆ ನುಡಿಸಿಕೊಳ್ಳುತ್ತಾರೆ. ಈ ಉಪಾಯವನ್ನು ಅಸಿಟೇಟಿಗೆ ಮಾಡಿದರೆ ಟೇಪೇ ಹೋದಂತೆ.

ಸರಿಹೋದ ಯಂತ್ರದಲ್ಲಿ ಮನೆಮಂದಿಯ ಸೋಬಾನೆ ಪದ, ಅಜ್ಜಿಯ ಕಥೆ ಮುದ್ರಿಸುವ ಆಸೆ ಸಹಜ. ಹಳೆಯ ಸುರುಳಿ ಸಿಕ್ಕಿತೆಂದು ಅದರ ಮೇಲೆಯೇ ಮುದ್ರಿಸಬಾರದು; ಹೊಸದು ದಾಖಲಾಗುವ ಮುನ್ನವೇ ಅಳಿಸುವ ಹೆಡ್ಡು ಹಿಂದಿನದನ್ನು ಒರೆಸಿಹಾಕಿರುತ್ತದೆ. ಪೆಟ್ಟಿಗೆಯ ಮೇಲೆ ಬರಹವಿಲ್ಲದ ಸುರುಳಿಯನ್ನು ಖಾಲಿಯೆಂದು ತಿಳಿಯುವಂತಿಲ್ಲ. ಕೊನೆಯವರೆಗೆ ಕೇಳಿ, ಕಂಪ್ಯೂಟರಿಗೆ ಇಳಿಸಿಕೊಂಡು, ಊರು, ಹಾಡಿದವರು, ಯಾವ ಸಾಲು, ಯಾವ ವೇಗ ಎಂಬುದನ್ನು ಆ ಪೆಟ್ಟಿಗೆಯ ಮೇಲೆಯೇ ಬರೆದಿಡಬೇಕು.