ದುಡ್ಡು, ಡಬ್ಬು, ಕಾಸು: ಚಿಪ್ಪಗಿರಿ ಸೀಮೆಯ ಮಾತಿನಲ್ಲಿ ಹಳೆಯ ನಾಣ್ಯಗಳು

ಚಿಪ್ಪಗಿರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ವಿಜಯದಾಸರು. 1755ರಲ್ಲಿ ಅವರು ದೇಹವಿಟ್ಟ ಈ ಊರು ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಗೆ ಸೇರಿದೆ. ದಾಸಸಾಹಿತ್ಯದ ಅಭ್ಯಾಸಿಗಳು ಇಲ್ಲಿಯ ಗುರುಪರಂಪರೆಯನ್ನು ವಿವರವಾಗಿ ಚರ್ಚಿಸಿದ್ದಾರೆ. ಆ ಕಾಲದ ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ನಾಣ್ಯಗಳ ಕಡೆಗೆ ಅಷ್ಟು ಗಮನ ಹರಿದಿಲ್ಲ. ಆ ನಾಣ್ಯಗಳು ಸಂತೆಯಿಂದ ಮರೆಯಾದರೂ ಮಾತಿನಿಂದ ಮರೆಯಾಗಿಲ್ಲ.

ಹತ್ತಿರದ ಆದವಾನಿಯಲ್ಲಿಯೇ ಟಂಕಸಾಲೆಯಿತ್ತು. ಹದಿನೇಳನೆಯ ಶತಮಾನದ ಕೊನೆಗೆ ಮೊಗಲರು ಆದವಾನಿಯ ಕೋಟೆಯನ್ನು ಗೆದ್ದು ಅದಕ್ಕೆ ಇಮ್ತಿಯಾಜ್‌ಗಢವೆಂದು ಹೆಸರಿಟ್ಟರು. ಔರಂಗಜೇಬನ ಮತ್ತು ಅವನ ನಂತರದ ಬಾದಶಹರ ಹೆಸರಿನಲ್ಲಿ ಅಲ್ಲಿ ಅಚ್ಚಾದ ಚಿನ್ನದ ನಾಣ್ಯಗಳು ಈಗಲೂ ದೊರೆಯುತ್ತವೆ. ಅವುಗಳ ಮೇಲಿನ ಬರಹ ಪಾರಸಿ. ಗಾತ್ರ, ತೂಕ ಮಾತ್ರ ವಿಜಯನಗರದ ವರಹದವು, ಸುಮಾರು 3.4 ಗ್ರಾಂ. ಉತ್ತರದ ಮೊಹರಿನ ಅಳತೆಯನ್ನು ಇಲ್ಲಿ ಹೇರಲು ದಿಲ್ಲಿಗೂ ಆಗಲಿಲ್ಲ. ಪಾರಸಿ ದಾಖಲೆಗಳು ಇಂಥ ನಾಣ್ಯವನ್ನು ‘ಹೂನ್’ ಎನ್ನುತ್ತವೆ. ಅದು ಕನ್ನಡದ ‘ಹೊನ್ನು’. ಗೆದ್ದವರು ಊರಿನ ಹೆಸರನ್ನು ಬದಲಿಸಿ, ನಾಣ್ಯದ ಹೆಸರನ್ನು ಸೋತವರಿಂದ ಎರವಲು ಪಡೆದರು.

ಆದರೆ ಹೊನ್ನು, ವರಹಗಳು ಬಡವನ ಕೈಗೆ ಬಂದದ್ದು ಕಡಿಮೆ. ದಿನದ ಉಪ್ಪು, ಎಣ್ಣೆ, ಹೊಗೆಸೊಪ್ಪಿನ ವ್ಯವಹಾರ ತಾಮ್ರದ್ದು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆಗ ಮದ್ರಾಸಿನ ಸರ್ಕಾರಿ ಲೆಕ್ಕದಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. ಕಾಸಿಗೂ ಹಣಕ್ಕೂ ನಡುವೆ ತಾಮ್ರದ ದುಡ್ಡು ಮತ್ತು ಡಬ್ಬು ಇದ್ದವು. ಒಂದಕ್ಕೆ ಎಷ್ಟು ಕಾಸು ಎಂಬುದು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬೇರೆಯಾಗುತ್ತಿತ್ತು. 1818ರಲ್ಲಿ ಮದ್ರಾಸು ರೂಪಾಯಿಗೆ ತಿರುಗಿ, ನೂರು ವರಹಕ್ಕೆ 350 ರೂಪಾಯಿ ಎಂದು ಗೊತ್ತುಮಾಡಿತು.

ಮುಂದೆ ನಡೆದದ್ದು ಭಾಷೆಯ ಚರಿತ್ರೆಗೆ ಸೇರಿದ ಸಂಗತಿ. ದುಡ್ಡೆಂಬ ತಾಮ್ರದ ಬಿಲ್ಲೆ ಕನ್ನಡದಲ್ಲಿ ಸಂಪತ್ತಿಗೇ ಹೆಸರಾಯಿತು, ಡಬ್ಬು ತೆಲುಗಿನಲ್ಲಿ ಅದೇ ಹಾದಿ ಹಿಡಿಯಿತು. ‘ಹಣ’ವೂ ಹಾಗೆಯೇ. ಎರಡು ಭಾಷೆಗಳು ಒಂದೇ ಚೀಲದಿಂದ ಎರಡು ನಾಣ್ಯಗಳನ್ನು ಆರಿಸಿಕೊಂಡವು. ಎರಡನ್ನೂ ಆಡುವ ಗಡಿಸೀಮೆಗೆ ಎರಡೂ ದಕ್ಕಿದವು. ಕನ್ನಡದ ‘ಕವಡೆ ಕಾಸಿನ ಬೆಲೆಯಿಲ್ಲ’ ಎಂಬ ಮಾತಿನ ಜೊತೆಗೆ ತೆಲುಗಿನ ‘ಚಿಲ್ಲಿಗವ್ವ’ವನ್ನು ಇಟ್ಟು ನೋಡಬೇಕು. ತೂತಾದ ಕವಡೆಯೆಂಬುದು ಅದರ ಅರ್ಥ. ಕನ್ನಡದ ಕಾಸಿನ ಸರ ತೆಲುಗಿನಲ್ಲಿ ಕಾಸುಲ ಪೇರು. ಇವುಗಳಲ್ಲಿ ಯಾವುದು ಯಾವುದರ ಅನುವಾದ ಎಂದು ಕೇಳುವುದೇ ತಪ್ಪು. ಒಂದೇ ಸಂತೆಯ ಅನುಭವಕ್ಕೆ ಎರಡು ನಾಲಗೆ ಅಷ್ಟೆ.

ನಾಣ್ಯ ಸತ್ತ ಮೇಲೆ ಅದರ ಹೆಸರು ಬಾಳುವುದು ಈ ಸೀಮೆಯ ವಿಶೇಷವೇನಲ್ಲ. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದ ಸ್ಕಾಟ್ಲೆಂಡು ತನ್ನ ನಾಣ್ಯಗಳನ್ನು ಕಳೆದುಕೊಂಡಿತು. ಎಡಿನ್‌ಬರೋದ ಟಂಕಸಾಲೆ 1709ರಲ್ಲಿ ಕೆಲಸ ನಿಲ್ಲಿಸಿತು. ಆದರೂ ಆರು ಸ್ಕಾಟ್ ಪೆನ್ನಿಯ ‘ಬಾಬೀ’ ಆ ಜನರ ಬಾಯಲ್ಲಿ ಅರ್ಧ ಪೆನ್ನಿಗೂ ಒಟ್ಟಾರೆ ಹಣಕ್ಕೂ ಹೆಸರಾಗಿ ಮುಂದುವರಿಯಿತು. ನಮ್ಮ ದುಡ್ಡಿನ ಕತೆಗೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಸಿಗಲಾರದು. ಒಂದು ವ್ಯತ್ಯಾಸವುಂಟು: ಬಾಬೀ ಅನ್ನು ಅಲ್ಲಿಯ ನಿಘಂಟುಕಾರರು ಸ್ಕಾಟ್ ಭಾಷೆಯ ಗುರುತೆಂದು ಕಾಪಾಡಿದರು. ಚಿಪ್ಪಗಿರಿಯ ನುಡಿಗೆ ಆ ಭಾಗ್ಯ ಸುಲಭವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಂದಿನಿಂದ ಇಲ್ಲಿಯ ಕನ್ನಡ ಪದ ಕರ್ನಾಟಕದ ಕೋಶಕ್ಕೆ ಹೊರಗಿನದು, ತೆಲುಗು ಕೋಶಕ್ಕೆ ಪರಕೀಯ.

ದಶಮಾಂಶ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಜನ 25 ಪೈಸೆಯನ್ನು ನಾಲ್ಕಾಣೆಯೆಂದೇ ಕರೆದರು, ಕೆಲವರು ಪಾವಲಿಯೆಂದರು. ತೆಲುಗರಿಗೆ ಅದು ಪಾವಲಾ. 2011ರ ಜೂನ್ 30ರ ನಂತರ ಆ ನಾಣ್ಯವೂ ಚಲಾವಣೆಯಿಂದ ಹೋಯಿತು. ಆಣೆಯನ್ನು ಕಣ್ಣಿನಿಂದಲೂ ಕಾಣದವರು ಇಂದಿಗೂ ನಿಜವಾದ ಮಾತನ್ನು ಹದಿನಾರಾಣೆ ನಿಜವೆನ್ನುತ್ತಾರೆ.