ನೀರೊಳಗಿನ ಗಂಟೆ

ರೇಡಿಯೋದಿಂದ ಓಡಿಸುವ ಮಾದರಿ ಜಲಾಂತರ್ಗಾಮಿಗೆ (ತಮಿಳಿನ ನೀರ್ಮೂಳ್ಗಿ ಕಪ್ಪಲ್ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ನಾವೂ ಮುಳುಗುಹಡಗು ಎನ್ನಬಹುದು) ಶಬ್ದ ಕೂಡಿಸುವ ಆಟದ ಬೇರು ಹಳೆಯದು. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯ ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿದರು. 1898ರಲ್ಲಿ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯನ್ನು ರೇಡಿಯೋದಿಂದ ನಡೆಸಿದರು. ಎರಡನ್ನೂ ಸೇರಿಸಿದರೆ ಆಯಿತಲ್ಲ ಎನ್ನಬೇಡಿ, ನಡುವೆ ನೀರಿದೆ.

ರೇಡಿಯೋ ಅಲೆ ನೀರಿನಲ್ಲಿ ಸೊರಗುತ್ತದೆ, ಉಪ್ಪುನೀರಿನಲ್ಲಂತೂ ಕೇಳಲೇಬೇಡಿ. ಅದಕ್ಕೇ ನಮ್ಮ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ 1990ರಲ್ಲಿ ನೌಕಾಪಡೆ ಐ.ಎನ್.ಎಸ್. ಕಟ್ಟಬೊಮ್ಮನ್ ಕೇಂದ್ರ ತೆರೆಯಿತು. ಮುಳುಗಿದ ಹಡಗಿಗೆ ಅಲ್ಲಿಂದ ಬಹಳ ಉದ್ದದ ಅಲೆಗಳಲ್ಲಿ ಸಂದೇಶ ಹೋಗುತ್ತದೆ.

ಶಬ್ದದ ಗುಣ ತದ್ವಿರುದ್ಧ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ನೀರೊಳಗೆ ಗಂಟೆ ಹೊಡೆಸಿ, ಹತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ ನೀರಿಗಿಳಿಸಿದ ಕೊಳವೆಗೆ ಕಿವಿಯಿಟ್ಟರು. ವೇಗ ಸೆಕೆಂಡಿಗೆ 1435 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು! ಕೊಳವೆ ಏಕೆಂದರೆ, ನೀರಿನಿಂದ ಗಾಳಿಗೆ ಶಬ್ದಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಹಾಗಾಗಿ ಮಾದರಿಯ ಹೊಟ್ಟೆಯಲ್ಲಿಟ್ಟ ಸ್ಪೀಕರ್ ತೇಲುವಾಗ ಕೇಳುತ್ತದೆ, ಮುಳುಗಿದರೆ ದಡದವರಿಗೆ ಅಡಗುತ್ತದೆ. ನಿಜವಾದ ಹಡಗಿನವರಿಗೋ ಸದ್ದಾದರೆ ಪ್ರಾಣಕ್ಕೇ ಸಂಚಕಾರ, ಶತ್ರುವಿನ ಸೋನಾರ್ ನೀರೊಳಗೇ ಕಿವಿಯಿಟ್ಟಿರುತ್ತದೆ.

ಬೇರಿಕೆಯ ಮಕ್ಕಳು ತೊಟ್ಟಿಯ ನೀರಿನಲ್ಲಿ ಎರಡು ಕಲ್ಲು ತಟ್ಟಿಸಿ, ತುದಿಗೆ ಬಲೂನಿನ ರಬ್ಬರ್ ಬಿಗಿದ ಪೈಪನ್ನು ಇಳಿಸಿ ಕೇಳಲಿ.